ಮೇಲಕ್ಕ ಇಳಿಯುವ ಹೊತ್ತು

ಮಾರ್ಚ್ 3, ಸೋಮವಾರ

ಈ ಪುಸ್ತಕ ನಾನು ಕೊಂಡದ್ದಲ್ಲ. ಕಾರ್ಖಾನೆಯ ದವಾಖಾನೆಗೆ ಹೊಸದಾಗಿ ಬಂದಿರುವ ನರ್ಸಮ್ಮ ಕೈಗೆ ತುರುಕಿದ್ದು. "ತಿಂದಿದ್ದು, ಕುಡಿದಿದ್ದು, ಮಾತ್ರೆ ನುಂಗಿದ್ದು, ಎಲ್ಲಾ ದಿನಾ ಬರೀರಿ" ಅಂದಳು. ತಿಂದದ್ದನ್ನು ಬರೆದಿಡಲು ನಾನೇನು ಹೋಟೆಲ್ ನಡೆಸುತ್ತೇನೆಯೇ? ಆದರೆ ಪುಸ್ತಕ ಚೆನ್ನಾಗಿದೆ, ಬಿಸಾಡಲು ಮನಸ್ಸು ಬರಲಿಲ್ಲ. ನನಗೆ ಬೇಕೆನಿಸಿದ್ದನ್ನು ಬರೆಯುತ್ತೇನೆ. ಅವಳಿಗೆ ತೋರಿಸುವುದಿಲ್ಲ.

ಇವತ್ತು ವರ್ಷದ ತಪಾಸಣೆ ಇತ್ತು. ಬಿಪಿ ಮೇಲಿನದು ನೂರಾ ಎಪ್ಪತ್ತೆರಡು, ಕೆಳಗಿನದು ನೂರಾ ನಾಲ್ಕು. ಊಟವಾದ ಮೇಲಿನ ಶುಗರ್ ಮುನ್ನೂರರ ಹತ್ತಿರ. ನಿಮ್ಮ ಯಂತ್ರ ಕೆಟ್ಟಿದೆ ಎಂದೆ. ಅವಳು ಪಟ್ಟಿಯನ್ನು ತನ್ನ ತೋಳಿಗೇ ಸುತ್ತಿಕೊಂಡು ನೋಡಿದಳು. ಅವಳದು ಸರಿಯಾಗಿತ್ತು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕಳು. ಗಾದೆ ಹೇಳುವುದಕ್ಕೂ ಆಳು ನೋಡಬೇಕು.

ಹೊಸಬಳು, ನಾನು ಯಾರೆಂದು ಅವಳಿಗೆ ಗೊತ್ತಿಲ್ಲ. ಸೇತುವೆಗಳಿಗೆ ಉಕ್ಕಿನ ತೊಲೆ ತಯಾರಿಸುವ ಷೆಡ್ಡು ನಮ್ಮದು. ಸೂರಿನ ಕೆಳಗೆ ಹಳಿಗಳ ಮೇಲೆ ಓಡುವ ಕ್ರೇನು, ಅದಕ್ಕೆ ತೂಗುಹಾಕಿದ ಒಂದು ಗಾಜಿನ ಕೋಣೆ, ಅದರೊಳಗೆ ನಾನು. ಇಪ್ಪತ್ತು ವರ್ಷ ದಾಟಿತು. ಕೆಳಗಿನವರೆಲ್ಲ ನನ್ನನ್ನು ಮೇಲಕ್ಕ ಎನ್ನುತ್ತಾರೆ. ಬೆಳಿಗ್ಗೆ ಏಣಿ ಹತ್ತಿದರೆ ಇಳಿಯುವುದು ಪಾಳಿ ಮುಗಿದ ಮೇಲೆಯೇ. ಊಟವೂ ಮೇಲೆಯೇ. ಈ ಷೆಡ್ಡಿನಲ್ಲಿ ಇದು ಇನ್ನೊಬ್ಬರ ಕೈಲಾಗುವ ಕೆಲಸವಲ್ಲ. ಎರಡನೇ ಕ್ರೇನಿನವನಿಗೆ ನಾನು ಏಣಿರಾಯ ಎಂದು ಹೆಸರಿಟ್ಟಿದ್ದೇನೆ. ಎರಡು ಮಕ್ಕಳ ತಂದೆ, ಮೀಸೆ ಬೇರೆ ಇದೆ, ಆದರೂ ಹೊತ್ತುಹೊತ್ತಿಗೆ ಇಳಿದು ಓಡುತ್ತಾನೆ. ಅವನಿಂದಾಗಿ ಏಣಿಯ ಮೆಟ್ಟಿಲು ಸವೆದಿವೆ.

ಏಪ್ರಿಲ್ ಹದಿನಾಲ್ಕಕ್ಕೆ ಮತ್ತೆ ತಪಾಸಣೆ. ಆಗಲೂ ಹೀಗೇ ಇದ್ದರೆ ಕ್ರೇನು ಬಿಟ್ಟು ಉಗ್ರಾಣದಲ್ಲಿ ಕೂರಬೇಕಂತೆ. ಹದಿನಾರಕ್ಕೆ ನಮ್ಮ ಷೆಡ್ಡಿನಲ್ಲೇ ಅತಿ ಉದ್ದದ ತೊಲೆ ಹೊರಗೆ ಹೋಗಬೇಕು. ಎರಡು ಕ್ರೇನೂ ಜೊತೆಯಾಗಿ ಎತ್ತಬೇಕಾದ ತೊಲೆ ಅದು. ಮುಂದಾಳು ನಾನೇ ಎಂದು ಫೋರ್‌ಮನ್ ಮಾತು ಕೊಟ್ಟಿದ್ದಾರೆ. ನನ್ನ ತೊಲೆ ಬೇರೆಯವರ ಕೈಯಲ್ಲಿ ಏಳುವುದನ್ನು ಉಗ್ರಾಣದ ಬಾಗಿಲಲ್ಲಿ ನಿಂತು ನೋಡುವವಳು ನಾನಲ್ಲ.

ಮಾರ್ಚ್ 4, ಮಂಗಳವಾರ

ನನ್ನ ಗುಟ್ಟನ್ನು ಇಲ್ಲಿ ಬರೆದಿಡುತ್ತೇನೆ. ಎದ್ದಾಗಿನಿಂದ ಇಳಿಯುವವರೆಗೆ ನಾನು ನೀರು ಮುಟ್ಟುವುದಿಲ್ಲ. ಕುಡಿದರೆ ತಾನೇ ಇಳಿಯಬೇಕು! ಬಿಪಿಗೆ ಕೊಟ್ಟಿರುವ ಮಾತ್ರೆ ನುಂಗಿದರೆ ಗಂಟೆಗೊಮ್ಮೆ ಓಡಿಸುತ್ತದೆ. ಹಾಗಾಗಿ ಅದನ್ನು ಶನಿವಾರ, ಭಾನುವಾರ ರಜೆಯಲ್ಲಿ ಮಾತ್ರ ತೆಗೆದುಕೊಳ್ಳುತ್ತೇನೆ. ಅದರಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಶುಗರ್ ಮಾತ್ರೆ ಮಾತ್ರ ದಿನವೂ ಉಂಟು. ಇಷ್ಟು ಶಿಸ್ತು ಯಾರಿಗಿದೆ?

ಬಾಯಿ ಒಣಗುತ್ತದೆ, ಇಲ್ಲವೆನ್ನುವುದಿಲ್ಲ. ಅದಕ್ಕೆ ಪೆಪ್ಪರ್ಮಿಂಟು ಇದೆ. ಒಂದನ್ನು ಕೆನ್ನೆಯೊಳಗೆ ಇಟ್ಟರೆ ಒಳ್ಳೆಯ ಹೊತ್ತು ತಳ್ಳಬಹುದು. ಸಿಹಿ ತಿನ್ನಬೇಡಿ ಎಂದಿದ್ದಾರೆ ನಿಜ, ಆದರೆ ಇದು ಹೊಟ್ಟೆಗೆ ತಿನ್ನುವುದಲ್ಲವಲ್ಲ. ಸಂಜೆ ಏಣಿಯ ಬುಡದಲ್ಲಿ ಏಣಿರಾಯ ಸಿಕ್ಕಿದ. "ಅಕ್ಕ, ಇಡೀ ಪಾಳಿ ಅದು ಹೇಗೆ ಕೂತ್ಕೋತೀರಿ?" ಎಂದು ಕೇಳಿದ. ಪಾಪ ಎನಿಸಿತು. ಒಂದು ಪೆಪ್ಪರ್ಮಿಂಟು ಕೊಟ್ಟು, "ನೀರು ಕುಡೀಬೇಡ, ಬಾಯಿ ಒಣಗಿದ್ರೆ ಇದನ್ನ ಹಾಕ್ಕೋ" ಎಂದು ಕಲಿಸಿದೆ. ಗುರುದಕ್ಷಿಣೆ ಕೇಳಲಿಲ್ಲ.

ಮಾರ್ಚ್ 9, ಭಾನುವಾರ

ಯಜಮಾನರು ಔಷಧಿ ಅಂಗಡಿಗೆ ಹೊರಟಿದ್ದರು, ಜೊತೆಗೆ ಹೋದೆ. ಅಲ್ಲಿ ಬಿಪಿ ನೋಡಿಸಿಕೊಂಡೆ. ನೂರಾ ನಲವತ್ತೆರಡು! ನಾನು ಹೇಳಿರಲಿಲ್ಲವೇ, ದವಾಖಾನೆಯ ಯಂತ್ರವೇ ಸರಿಯಿಲ್ಲವೆಂದು?

ಯಜಮಾನರು ದರ್ಜಿ. ನಮ್ಮ ಮನೆಯ ಮುಂಭಾಗದ ಕೋಣೆಯೇ ಅವರ ಅಂಗಡಿ. ಮನೆಗೆ ಬಂದ ಮೇಲೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, "ಹಾಗಾದ್ರೆ ವಾರದ ದಿನ ಯಾಕೆ ಏರುತ್ತೆ?" ಎಂದರು. "ನನ್ನ ಮೇಲೆ ಇಡೀ ಷೆಡ್ಡು ನಿಂತಿದೆ ರೀ, ಏರದೆ ಇರುತ್ತಾ?" ಎಂದೆ. "ನನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯ್ತು ಅಂದ್ಲಂತೆ ಒಬ್ಬ ಮುದುಕಿ" ಎಂದು ಹೊಲಿಗೆ ಮುಂದುವರಿಸಿದರು. ಈ ಊರಿನವರಿಗೆಲ್ಲ ನನ್ನನ್ನು ಕಂಡರೆ ಗಾದೆಯೇ ನೆನಪಾಗುತ್ತದೆ.

ಮಾರ್ಚ್ 14, ಶುಕ್ರವಾರ

ದವಾಖಾನೆಯಲ್ಲಿ ಮತ್ತೆ ನೂರಾ ಎಪ್ಪತ್ತು. ಶುಗರ್ ಕೂಡ ಇಳಿದಿಲ್ಲ. ಮಧ್ಯಾಹ್ನ ಬರೀ ಸೊಪ್ಪು, ಬೇಯಿಸಿದ ಕಾಳು, ಒಂದು ಮೊಟ್ಟೆ. ಚಹಾಕ್ಕೆ ಸಕ್ಕರೆ ಬಿಟ್ಟು ಎಷ್ಟೋ ದಿನವಾಯಿತು. ಇನ್ನೇನು ಗಾಳಿ ಕುಡಿದು ಬದುಕಲೇ? ನರ್ಸಮ್ಮ, "ಮಾತ್ರೆ ತಗೋತಿದ್ದೀರಾ?" ಎಂದಳು. ತಗೋತೀನಿ ಎಂದೆ. ಸುಳ್ಳಲ್ಲ. ಯಾವ ಯಾವ ದಿನ ಎಂದು ಅವಳು ಕೇಳಲಿಲ್ಲ.

ಮಾರ್ಚ್ 19, ಬುಧವಾರ

ಕ್ಯಾಬಿನ್ನಿನ ಗಾಜು ಕೊಳೆಯಾಗಿದೆ. ಕೆಳಗಿನ ಕೊಕ್ಕೆಯ ಅಂಚು ಮಸುಕಾಗಿ ಕಂಡಿತು. ಒರೆಸಿದೆ. ಮತ್ತೆ ಮಸುಕು. ಮತ್ತೆ ಒರೆಸಿದೆ.

ಕೆಳಗೆ ನಿಂತು ನನಗೆ ಕೈಸನ್ನೆ ತೋರಿಸುವವನನ್ನು ಕಹಳೆ ಎನ್ನುತ್ತೇವೆ. ಅವನು ವಾಕಿಟಾಕಿಯಲ್ಲಿ, "ಅಕ್ಕ, ಕೈ ಮೇಲೆತ್ತಿ ನಿಲ್ಲಿಸಿ ಅಂತಿದ್ದೀನಿ, ಕಾಣ್ತಿಲ್ವಾ?" ಎಂದ. ಅವನ ಗಂಟಲು ದೊಡ್ಡದೆಂದೇ ಆ ಹೆಸರು. ಕಾಣುತ್ತಿದೆ ಎಂದೆ. ಕಂಡಿತ್ತು, ಸ್ವಲ್ಪ ತಡವಾಗಿ.

ನಾಳೆ ಗಾಜಿಗೆ ಒಳ್ಳೆಯ ಬಟ್ಟೆ ಒಯ್ಯಬೇಕು.

ಮಾರ್ಚ್ 23, ಭಾನುವಾರ

ಇವತ್ತು ಮನೆಯಲ್ಲಿ ರಾದ್ಧಾಂತ. ನನ್ನ ಕೆಲಸದ ಪ್ಯಾಂಟಿನ ಜೇಬು ಹರಿದಿತ್ತು, ಹೊಲಿಯಲು ಕೊಟ್ಟಿದ್ದೆ. ಯಜಮಾನರು ಜೇಬು ಮಗುಚಿದರೆ ಪೆಪ್ಪರ್ಮಿಂಟಿನ ಕಾಗದಗಳು ಉದುರಿದವು. ಆ ಜೇಬಿನಿಂದ, ಈ ಜೇಬಿನಿಂದ, ಹಿಂದಿನ ಜೇಬಿನಿಂದ. ಕತ್ತರಿ ಮೇಜಿನ ಮೇಲೆ ಎರಡು ಹಿಡಿಯಷ್ಟಾಯಿತು. ಅವರು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಕೂಗಾಡಲಿಲ್ಲ.

"ಇದ್ಯಾಕೆ?"

"ಬಾಯಿ ಒಣಗುತ್ತೆ."

"ನೀರು ಕುಡಿ."

"ಕುಡಿದ್ರೆ ಇಳೀಬೇಕಲ್ಲ."

"ಇಳಿ."

ಈ ಮನುಷ್ಯನಿಗೆ ಏನು ಹೇಳುವುದು! ನಾನು ಇಳಿಯುವವಳಲ್ಲ ಎಂದೇ ತಾನೇ ಜನ ನನ್ನನ್ನು ಮೇಲಕ್ಕ ಎನ್ನುವುದು? ಅದನ್ನೇ ಹೇಳಿದೆ. ಮಾತಿನ ಭರದಲ್ಲಿ ಮಾತ್ರೆಯ ಸಂಗತಿಯೂ ಬಾಯಿಂದ ಜಾರಿತು. ಅವರು ಪ್ಯಾಂಟನ್ನು ಕೆಳಗಿಟ್ಟರು. "ಶುಗರ್ ಇರೋಳು ನೀರು ಬಿಟ್ಟು ಸಿಹಿ ತಿಂತೀಯ. ಬಿಪಿ ಇರೋಳು ಮಾತ್ರೆ ಬಿಟ್ಟು ಏಣಿ ಹತ್ತೀಯ. ಒಂದು ಕಡೆ ಬಟ್ಟೆ ಎಳೆದು ಹೊಲಿದ್ರೆ ಇನ್ನೊಂದು ಕಡೆ ಸುಕ್ಕು ಬಂದೇ ಬರುತ್ತೆ ಕಣೆ. ನಾಳೆ ನರ್ಸಮ್ಮನಿಗೆ ನೀನು ಹೇಳ್ತೀಯೋ, ನಾನು ಬಂದು ಹೇಳ್ಲೋ?" ಎಂದರು. ಕಾಗದಗಳನ್ನೆಲ್ಲ ಬಾಚಿ ಒಂದು ಚೀಲಕ್ಕೆ ತುಂಬಿಕೊಂಡರು.

ನಾನೇ ಹೇಳುತ್ತೇನೆ ಎಂದೆ. ಅವರು ಅಲ್ಲಿಗೆ ಬಂದರೆ ಮರ್ಯಾದೆ ಹೋಗುತ್ತದೆ.

ಮಾರ್ಚ್ 27, ಗುರುವಾರ

ಸೋಮವಾರ ಹೇಳಿದೆ. ನರ್ಸಮ್ಮ ನಗಲಿಲ್ಲ, ಗಾದೆಯನ್ನೂ ಹೇಳಲಿಲ್ಲ. ಮಸುಕು ಕಂಡದ್ದು ಉಂಟೇ ಎಂದು ಮಾತ್ರ ಕೇಳಿದಳು. ಗಾಜಿನ ಕತೆ ಹೇಳಿದೆ. ಅವಳು ಕಣ್ಣಿನ ಡಾಕ್ಟರಿಗೆ ಚೀಟಿ ಬರೆದಳು. ಇವತ್ತು ಹೋಗಿ ಬಂದೆ.

ಕಣ್ಣಿಗೆ ಹನಿ ಹಾಕಿ ಕೂರಿಸಿದರು. ಒಳಗಿನ ಚಿತ್ರ ತೆಗೆದು ಪರದೆಯ ಮೇಲೆ ತೋರಿಸಿದರು. ಕಿತ್ತಳೆ ಬಣ್ಣದ ಹಿನ್ನೆಲೆ, ಅದರ ಮೇಲೆ ಕೆಂಪು ಎಳೆಗಳು, ನಡುನಡುವೆ ಸೂಜಿಯಲ್ಲಿ ಚುಚ್ಚಿದಂಥ ಚುಕ್ಕಿಗಳು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದವರು. "ಈ ಚುಕ್ಕಿ ಇವೆಯಲ್ಲ, ಅಲ್ಲಿ ನಾಳ ಸೋರ್ತಾ ಇದೆ ತಾಯಿ" ಎಂದರು. "ಸಕ್ಕರೆ ಹೆಚ್ಚಾಗಿದ್ರೆ ನಾಳದ ಒಳಗೋಡೆ ಕೆಡುತ್ತೆ, ಬಿರುಸಾಗುತ್ತೆ. ಬಿರುಸಾದ ನಾಳದಲ್ಲಿ ಬಿಪಿ ಏರುತ್ತೆ. ಏರಿದ ಬಿಪಿ ಅದೇ ನಾಳವನ್ನ ಮತ್ತೆ ಜಜ್ಜುತ್ತೆ. ಇಬ್ಬರೂ ಸೇರಿ ಮಾಡೋ ಕೆಲಸ ಇದು. ಒಬ್ಬನನ್ನ ಹಿಡಿದು ಇನ್ನೊಬ್ಬನನ್ನ ಬಿಟ್ರೆ ಆಗಲ್ಲ. ಕಣ್ಣಲ್ಲಿ, ಕಿಡ್ನಿಯಲ್ಲಿ ನಾಳಗಳು ತೀರಾ ಸಣ್ಣ. ಏಟು ಮೊದಲು ಕಾಣೋದು ಅಲ್ಲೇ."

ನನಗೆ ಕ್ರೇನಿನ ತಂತಿಹಗ್ಗ ನೆನಪಾಯಿತು. ಹೊರಗಿನಿಂದ ನೋಡಿದರೆ ಹೊಳೆಯುತ್ತಿರುತ್ತದೆ. ಹಾಗೆಂದು ನಂಬುವುದಿಲ್ಲ ನಾವು. ಕ್ರೇನು ನಿಲ್ಲಿಸಿ ಹಗ್ಗದುದ್ದಕ್ಕೂ ಹತ್ತಿಬಟ್ಟೆ ಆಡಿಸುತ್ತೇವೆ. ಎಲ್ಲಾದರೂ ಬಟ್ಟೆಯ ನೂಲು ಸಿಕ್ಕಿಕೊಂಡರೆ ಅಲ್ಲಿ ಒಂದು ಎಳೆ ಕಡಿದಿದೆ ಎಂದರ್ಥ. ಎಳೆ ಕಡಿದ ಹಗ್ಗದಲ್ಲಿ ಭಾರ ಎತ್ತುವವರನ್ನು ನಾನೇ ಬೈದು ಕೆಳಗಿಳಿಸಿದ್ದೇನೆ. ಈಗ ಬಟ್ಟೆ ಸಿಕ್ಕಿಕೊಂಡದ್ದು ನನ್ನ ಕಣ್ಣಿನಲ್ಲಿ.

"ಕಣ್ಣು ಹೋಗುತ್ತಾ?" ಎಂದು ಕೇಳಿದೆ. "ಈಗಲೇ ಹಿಡಿದ್ರೆ ಉಳಿಸ್ಕೋಬಹುದು. ಇದು ಶುರು ಅಷ್ಟೆ. ಮಸುಕಿಗೆ ಶುಗರ್ ಏರಿಳಿತವೇ ಕಾರಣ, ಅದು ಹತೋಟಿಗೆ ಬಂದ್ರೆ ಸರಿಹೋಗುತ್ತೆ" ಎಂದರು. ಬಿಪಿ ಮಾತ್ರೆ ದಿನವೂ ತಗೊಳ್ಳಿ, ವಾರಕ್ಕೆರಡು ದಿನದ ವ್ರತ ಮಾಡಬೇಡಿ ಎಂದೂ ಹೇಳಿದರು.

ವಾಪಸು ದವಾಖಾನೆಗೆ ಬಂದಾಗ ನರ್ಸಮ್ಮ ಕಾಯುತ್ತಿದ್ದರು. ಅವರ ಪಾಳಿ ಆಗಲೇ ಮುಗಿದಿತ್ತು. "ಶುಗರ್ ಏರಿದಾಗ ದೇಹ ಅದನ್ನ ಮೂತ್ರದಲ್ಲಿ ಹೊರಗೆ ಹಾಕೋಕೆ ನೋಡುತ್ತೆ, ಜೊತೆಗೆ ನೀರೂ ಹೋಗುತ್ತೆ. ಅದಕ್ಕೇ ನಿಮಗೆ ಬಾಯಾರಿಕೆ. ನೀವು ನೀರು ನಿಲ್ಲಿಸಿದ್ರೆ ರಕ್ತದಲ್ಲಿ ಸಕ್ಕರೆ ಇನ್ನೂ ಗಟ್ಟಿಯಾಗುತ್ತೆ. ಅದರ ಮೇಲೆ ಪೆಪ್ಪರ್ಮಿಂಟು" ಎಂದರು. ನಾನು ತಲೆ ಅಲ್ಲಾಡಿಸಿದೆ. ಗಾಣದೆತ್ತಿನ ಹಾಗೆ ಸುತ್ತಿದ್ದೇನೆ.

ಹೆದರಿಕೆಯಾಗಿದೆ. ಬರೆಯುವುದಕ್ಕೇನು, ಈ ಪುಸ್ತಕವನ್ನು ಯಾರೂ ನೋಡುವುದಿಲ್ಲ.

ಮಾರ್ಚ್ 28, ಶುಕ್ರವಾರ

ಮಾತ್ರೆ ನುಂಗಿ, ನೀರು ಕುಡಿದು ಏಣಿ ಹತ್ತಿದೆ. ತಡೆದೆ, ತಡೆದೆ. ಕೊನೆಗೆ ವಾಕಿಟಾಕಿಯಲ್ಲಿ ಕಹಳೆಗೆ ಮೆಲ್ಲಗೆ, "ಇಳೀತೀನಿ" ಎಂದೆ. ಆ ಪುಣ್ಯಾತ್ಮ ವಾಕಿಟಾಕಿ ಕೆಳಗಿಟ್ಟು, ಷೆಡ್ಡಿಗೆಲ್ಲ ಕೇಳುವಂತೆ, "ಕೆಲಸ ನಿಲ್ಲಿಸ್ರಪ್ಪಾ, ಮೇಲಕ್ಕ ಇಳೀತಾ ಇದ್ದಾರೆ" ಎಂದು ಕೂಗಿದ. ಬೆಸುಗೆಯವರು ಮುಖದ ಕವಚ ಎತ್ತಿ ನೋಡಿದರು. ಹೆಂಗಸರ ಶೌಚಾಲಯ ಇರುವುದು ಷೆಡ್ಡಿನ ಆ ತುದಿಯಲ್ಲಿ, ಕಚೇರಿಯ ಹಿಂದೆ. ಅಲ್ಲಿಯವರೆಗೆ ಮದುಮಗಳ ಹಾಗೆ ಎಲ್ಲರ ಕಣ್ಣೆದುರು ನಡೆದೆ.

ಎರಡು ಸಲ ಇಳಿದೆ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಏಪ್ರಿಲ್ 2, ಬುಧವಾರ

ಒಂದು ವಿಚಿತ್ರ. ನಾನು ಇಳಿದಾಗ ಕ್ರೇನು ನಿಲ್ಲುತ್ತದಲ್ಲ, ಆಗ ಕೆಳಗಿನವರೂ ಕೆಲಸ ಬಿಟ್ಟು ನೀರಿನ ಕೊಳಾಯಿಗೆ ಹೋಗತೊಡಗಿದ್ದಾರೆ. ಮೊದಲ ದಿನ ಕಹಳೆ, ಆಮೇಲೆ ಬೆಸುಗೆಯವರು. ಈ ಸೆಕೆಯಲ್ಲಿ ಇವರು ಇಷ್ಟು ದಿನ ನೀರು ಕುಡಿಯುತ್ತಿರಲಿಲ್ಲವೇ? "ನಿಮ್ಮ ಕ್ರೇನು ನಿಲ್ಲದೆ ನಾವು ಹೇಗೆ ಹೋಗೋದು ಅಕ್ಕ" ಎಂದ ಕಹಳೆ. ಆ ಬಿಡುವಿಗೆ 'ಮೇಲಕ್ಕನ ಇಳಿತ' ಎಂದು ಹೆಸರಾಗಿದೆ. ಸಮುದ್ರಕ್ಕಾದರೂ ಇಳಿತ ಉಂಟು, ನನಗೇಕೆ ಬೇಡ?

ಫೋರ್‌ಮನ್ ಕರೆದು ಮುಖ ಗಂಟಿಕ್ಕಿದರು. "ನಿಮ್ಮನ್ನೇ ನಂಬ್ಕೊಂಡಿದ್ವಿ, ನೀವೂ ಶುರು ಮಾಡಿದ್ರಾ?" ಎಂದರು. ಅವರಿಗೆ ಹೇಳಿದ್ದನ್ನು ಇಲ್ಲಿ ಹಾಗೇ ಬರೆಯುತ್ತೇನೆ, ಚೆನ್ನಾಗಿ ಬಂತು: "ಗ್ರೀಸ್ ಹಾಕೋಕೆ ಕ್ರೇನು ನಿಲ್ಲಿಸ್ತೀರಿ. ಹಗ್ಗಕ್ಕೆ ಬಟ್ಟೆ ಆಡಿಸೋಕೆ ನಿಲ್ಲಿಸ್ತೀರಿ. ಅದನ್ನ ನಡೆಸೋಳನ್ನ ನೋಡ್ಕೊಳ್ಳೋಕೆ ನಿಲ್ಲಿಸಕ್ಕಾಗಲ್ವಾ?" ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಹದಿನಾಲ್ಕರವರೆಗೆ ನೋಡೋಣ" ಎಂದರು. ಅಡ್ಡಗೋಡೆಯ ಮೇಲೆ ದೀಪ. ಇರಲಿ, ಬೆಳಕಂತೂ ಬಿತ್ತು.

ಏಪ್ರಿಲ್ 9, ಬುಧವಾರ

ನೂರಾ ನಲವತ್ತೆಂಟು. ಶುಗರ್ ಕೂಡ ಇನ್ನೂರರ ಕೆಳಗೆ ಬಂದಿದೆ. ಪೆಪ್ಪರ್ಮಿಂಟಿನ ಆಸೆ ಮೊದಲ ವಾರ ಕಾಡಿತು, ಈಗ ಇಲ್ಲ. ಯಜಮಾನರು ದಪ್ಪ ಗುಡಾರದ ಬಟ್ಟೆಯಲ್ಲಿ ನೀರಿನ ಬಾಟಲಿಗೊಂದು ಚೀಲ ಹೊಲಿದು ಕೊಟ್ಟಿದ್ದಾರೆ. ಕ್ರೇನು ನಡೆಸುವ ಲಿವರಿನ ಪಕ್ಕದಲ್ಲಿ ಕಟ್ಟಿದ್ದೇನೆ. ಜೋಡಿ ಹೊಲಿಗೆ, ಹಿತ್ತಾಳೆ ಗುಂಡಿ. ಏಣಿ ಹತ್ತುವಾಗ ಭುಜಕ್ಕೂ ಹಾಕಿಕೊಳ್ಳಬಹುದು. ಇಂಥದ್ದು ಯಾವ ಕ್ರೇನಿನಲ್ಲೂ ಇರಲಾರದು. ಕಹಳೆ ತನಗೂ ಒಂದು ಬೇಕೆಂದ. ನನ್ನ ಗಂಡನ ಕೈಗೆ ಬೇಡಿಕೆ ಹೆಚ್ಚು, ಕಾಯಬೇಕು ಎಂದೆ.

ಕೊಕ್ಕೆಯ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಗಾಜನ್ನು ಒರೆಸಿಯೇ ಇಲ್ಲ.

ಏಪ್ರಿಲ್ 14, ಸೋಮವಾರ

ನೂರಾ ಮೂವತ್ತಾರು, ಕೆಳಗಿನದು ಎಂಬತ್ತನಾಲ್ಕು. ಊಟದ ನಂತರದ ಶುಗರ್ ನೂರಾ ಎಪ್ಪತ್ತರ ಆಸುಪಾಸು. ನಾನು ಮತ್ತೊಮ್ಮೆ ನೋಡಿ ಎಂದೆ. ನರ್ಸಮ್ಮ, "ಯಾಕೆ, ಯಂತ್ರ ಕೆಟ್ಟಿದೆಯಾ?" ಎಂದರು. "ಇಲ್ಲ ನರ್ಸಮ್ಮ, ಇನ್ನೊಂದು ಸಲ ಕೇಳೋ ಆಸೆ" ಎಂದೆ. ಅವರು ನಿಜವಾಗಿಯೂ ಇನ್ನೊಮ್ಮೆ ಪಟ್ಟಿ ಸುತ್ತಿದರು. ಅದೇ ಬಂತು.

ಕ್ರೇನಿಗೆ ಯೋಗ್ಯಳು ಎಂದು ಬರೆದರು. ತಿಂಗಳಿಗೊಮ್ಮೆ ತಪಾಸಣೆ, ಪಾಳಿಯ ನಡುವೆ ಇಳಿಯುವುದು ಕಡ್ಡಾಯ. ಕಡ್ಡಾಯ ಎಂಬ ಪದದ ಕೆಳಗೆ ಗೆರೆ ಎಳೆಯಲು ನಾನೇ ಹೇಳಿದೆ. ಫೋರ್‌ಮನ್ ಕಣ್ಣಿಗೆ ಬೀಳಲಿ.

ಏಪ್ರಿಲ್ 16, ಬುಧವಾರ

ತೊಲೆ ಹೋಯಿತು. ನನ್ನ ಕೈಯಿಂದಲೇ ಹೋಯಿತು. ಮೊದಲು ಅದನ್ನು ಬರೆದುಬಿಟ್ಟೆ, ಇಲ್ಲದಿದ್ದರೆ ಎದೆ ಒಡೆದೀತು.

ಷೆಡ್ಡಿನ ಬಾಗಿಲಲ್ಲಿ ಉದ್ದನೆಯ ಲಾರಿ ನಿಂತಿತ್ತು. ಕಚೇರಿಯವರೆಲ್ಲ ಹೆಲ್ಮೆಟ್ಟು ಹಾಕಿಕೊಂಡು ಗೋಡೆಗೆ ಒರಗಿ ನಿಂತಿದ್ದರು. ತೊಲೆಯ ಈ ತುದಿ ನನ್ನ ಕೊಕ್ಕೆಗೆ, ಆ ತುದಿ ಏಣಿರಾಯನ ಕೊಕ್ಕೆಗೆ. ಇಬ್ಬರೂ ಒಂದೇ ಉಸಿರಿನಲ್ಲಿ ಎತ್ತಬೇಕು. ಒಂದು ತುದಿ ತಗ್ಗಿದರೂ ಭಾರವೆಲ್ಲ ಅತ್ತ ಜಾರುತ್ತದೆ. ಒಮ್ಮೆ ನೆಲ ಬಿಟ್ಟ ಮೇಲೆ ನಡುವೆ ನಿಲ್ಲುವಂತಿಲ್ಲ. ನಾನು ಮೊದಲೇ ಇಳಿದು ಬಂದು, ನೀರು ಕುಡಿದು, ತಿಂಡಿ ತಿಂದು ಕೂತಿದ್ದೆ.

ಕಹಳೆ ಕೈಯೆತ್ತಿದ. ನಾನು ವಾಕಿಟಾಕಿಯಲ್ಲಿ, "ಸಿದ್ಧವೇನಪ್ಪ?" ಎಂದು ಕೇಳಿದೆ. ಏಣಿರಾಯನ ಮಾತು ಸ್ಪಷ್ಟವಿರಲಿಲ್ಲ. ಬಾಯಲ್ಲಿ ಏನೋ ಇತ್ತು.

"ಏನದು ಬಾಯಲ್ಲಿ?"

"ಪೆಪ್ಪರ್ಮಿಂಟು ಅಕ್ಕ. ನೀವೇ ಕೊಟ್ಟಿದ್ರಲ್ಲ, ಅವತ್ತಿಂದ ಅಭ್ಯಾಸ ಮಾಡ್ಕೊಂಡೆ. ಬೆಳಿಗ್ಗೆಯಿಂದ ಇಳಿದೇ ಇಲ್ಲ, ಒಂದು ತೊಟ್ಟು ನೀರೂ ಕುಡಿದಿಲ್ಲ. ನಿಮ್ಮ ಹಾಗೆ."

"ಮೈ ಹೇಗಿದೆ?"

ಅವನು ಪೆಪ್ಪರ್ಮಿಂಟನ್ನು ಕಟಕ್ಕನೆ ಕಡಿದದ್ದು ಕೇಳಿತು. ಆಮೇಲೆ, "ಸ್ವಲ್ಪ ತಲೆ ಭಾರ ಅಕ್ಕ, ನಡೆಯುತ್ತೆ" ಎಂದ.

ನಾನು ಲಿವರಿನಿಂದ ಕೈ ತೆಗೆದೆ. "ನಡೆಯಲ್ಲ. ಇಳಿ. ನೀರು ಕುಡಿ, ಹೋಗಿ ಬಾ, ಏನಾದ್ರೂ ತಿನ್ನು, ನರ್ಸಮ್ಮನ ಹತ್ರ ಕೈ ತೋರಿಸು. ಅವರು ಸರಿ ಅಂದ್ರೆ ಮಾತ್ರ ಹತ್ತು" ಎಂದೆ. ಕೆಳಗೆ ಫೋರ್‌ಮನ್ ಕಹಳೆಯ ವಾಕಿಟಾಕಿ ಕಿತ್ತುಕೊಂಡು, "ಲಾರಿ ಕಾಯ್ತಿದೆ, ಎಲ್ಲರೂ ನಿಂತಿದ್ದಾರೆ!" ಎಂದರು. "ನಿಂತಿರ್ಲಿ. ತೊಲೆಗೇನು ಶುಗರ್ ಇಲ್ಲ, ಬಿಪಿ ಇಲ್ಲ, ಕಾಯುತ್ತೆ" ಎಂದೆ. ಕಹಳೆ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಷೆಡ್ಡು ಅದುರುವಂತೆ, "ಕೆಲಸ ನಿಲ್ಲಿಸ್ರಪ್ಪಾ, ಇಳಿತ!" ಎಂದು ಕೂಗಿದ. ಬೆಸುಗೆಯವರು ಕೊಳಾಯಿಯ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಹೆಲ್ಮೆಟ್ಟಿನವರೂ ಅವರ ಹಿಂದೆ ಹೋದರು.

ನಾನು ನನ್ನ ಬಾಟಲಿಯನ್ನು ಚೀಲದ ಸಮೇತ ಹಗ್ಗಕ್ಕೆ ಕಟ್ಟಿ ಏಣಿರಾಯನಿಗೆಂದು ಕೆಳಗಿಳಿಸಿದೆ. ಅವನು ತಿರುಗಿ ಏಣಿಯ ಬುಡಕ್ಕೆ ಬಂದಾಗ ಜೊತೆಗೆ ಬಂದ ನರ್ಸಮ್ಮ ಅಲ್ಲಿಂದಲೇ ನನಗೆ ಹೆಬ್ಬೆರಳು ಎತ್ತಿ ತೋರಿಸಿದರು.

ಆಮೇಲೆ ಎತ್ತಿದೆವು. ತೊಲೆ ನೆಲ ಬಿಟ್ಟದ್ದು ಗೊತ್ತೇ ಆಗಲಿಲ್ಲ, ಅಷ್ಟು ಹಗುರವಾಗಿ ಎದ್ದಿತು. ಅವನ ತುದಿ, ನನ್ನ ತುದಿ, ಕೂದಲೆಳೆಯ ವ್ಯತ್ಯಾಸವಿಲ್ಲ. ಲಾರಿಯ ಮೇಲೆ ಕೂತಾಗ ಲಾರಿ ನಿಟ್ಟುಸಿರು ಬಿಟ್ಟಿತು, ಅಷ್ಟೆ. ಕೆಳಗೆ ಚಪ್ಪಾಳೆ. ನನ್ನ ಕಣ್ಣು ಮಸುಕಾಯಿತು. ಈ ಸಲ ಅದಕ್ಕೆ ಡಾಕ್ಟರು ಬೇಕಿರಲಿಲ್ಲ.

ಸಂಜೆ ಏಣಿಯ ಬುಡದಲ್ಲಿ ಅವನನ್ನು ನಿಲ್ಲಿಸಿ ಚೆನ್ನಾಗಿ ಬೈದೆ. "ಇಡೀ ಪಾಳಿ ಮೇಲೆ ಕೂರೋದು ಏನು ಮಹಾ ಸಾಧನೆ? ಜೇಡವೂ ಕೂರುತ್ತೆ. ನೀರು ಬಿಟ್ಟು ಸಿಹಿ ಚೀಪೋ ಬುದ್ಧಿ ಯಾರು ಕಲಿಸಿದ್ರು ನಿನಗೆ?" ಎಂದೆ. ಅವನು ಬಾಯಿ ತೆರೆದು, ಕಹಳೆಯ ಕಡೆ ನೋಡಿ, ಮತ್ತೆ ಮುಚ್ಚಿಕೊಂಡ. ಕಹಳೆಗೆ ಕೆಮ್ಮು ಬಂತು. ಈಗಿನವರಿಗೆ ಹಿರಿಯರು ಹೇಳಿದರೆ ಉತ್ತರವೇ ಇರುವುದಿಲ್ಲ.

ನಾನಂತೂ ಮೊದಲಿನಿಂದಲೂ ಹೇಳಿಕೊಂಡೇ ಬಂದಿದ್ದೇನೆ, ಹತ್ತುವುದು ಯಾರಿಗಾದರೂ ಬರುತ್ತದೆ, ಹೊತ್ತಿಗೆ ಸರಿಯಾಗಿ ಇಳಿಯಲು ಬರಬೇಕು. ನಾಳೆ ಈ ಪುಸ್ತಕವನ್ನು ನರ್ಸಮ್ಮನಿಗೆ ತೋರಿಸುತ್ತೇನೆ, ಓದಿ ನಾಲ್ಕು ವಿಷಯ ಕಲಿತುಕೊಳ್ಳಲಿ.